ಊರಿನ ಹಿತಕ್ಕಾಗಿ ವಿಚ್ಛೇದನ

ರಾಜಧಾನಿ, ಜನವರಿ ೧೯

ಪ್ರೀತಿಯ ಅಕ್ಕ,

ನಿನಗೊಂದು ದುಃಖದ ಸುದ್ದಿ: ನಮ್ಮೂರಿನಲ್ಲಿ ಸಾಕಷ್ಟು ದುಃಖ ಇಲ್ಲ.

ಕಳೆದ ವಾರ ರಾಜ್ಯದ ನಗರಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕಣ್ಣೀರು ಅಳೆದೆವು. ಇದಕ್ಕೆ ನಮ್ಮ ಯೋಜನಾ ಮಂಡಳಿಯಲ್ಲಿ ‘ಅಸಂತೋಷ ಸೂಚ್ಯಂಕ’ ಅಂತ ಹೆಸರು. ಸಂತೋಷ ಅಳೆಯುವುದು ಕಷ್ಟ, ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ದುಃಖ ಹಾಗಲ್ಲ, ಅದಕ್ಕೆ ದಾಖಲೆ ಇರುತ್ತದೆ. ಎಷ್ಟು ಜನಕ್ಕೆ ಕೆಲಸ ಇಲ್ಲ, ಎಷ್ಟು ಮಂದಿ ಊರು ಬಿಟ್ಟರು, ಎಷ್ಟು ಮನೆಗಳಲ್ಲಿ ಒಬ್ಬೊಬ್ಬರೇ ಇದ್ದಾರೆ, ಎಷ್ಟು ಜೋಡಿ ಬೇರೆಯಾದವು, ತಲಾ ಆದಾಯ ಎಷ್ಟು. (ತಲೆಗೆ ಎಷ್ಟು ಬಂತು ಅಂತ ಕೇಳುವ ಬದಲು ತಲೆನೋವು ಎಷ್ಟು ಬಂತು ಅಂತ ಕೇಳಿದ್ದರೆ ಎಲ್ಲರೂ ಶ್ರೀಮಂತರೇ.) ಜನಗಣತಿಯವರು ಜನರನ್ನು ಎಣಿಸುತ್ತಾರೆ, ಜನರ ಗತಿ ಎಣಿಸುವವರು ನಾವು.

ನಮ್ಮೂರು ಹದಿನೇಳನೆಯದು. ಹದಿನೇಳು ಅಂದರೆ ಮನಸಾರೆ ಅಳುವಂತೆಯೂ ಇಲ್ಲ, ಬಾಯ್ತುಂಬ ನಗುವಂತೆಯೂ ಇಲ್ಲ. ಇದು ಪ್ರಾಯೋಗಿಕ ಪಟ್ಟಿ, ಅಸಲಿ ಪಟ್ಟಿ ಮುಂದಿನ ಜನವರಿಗೆ. ಅದರಲ್ಲಿ ಮೊದಲ ಐದು ಸ್ಥಾನ ಪಡೆದ ಊರುಗಳಿಗೆ ಸರ್ಕಾರ ‘ಪುನಶ್ಚೇತನ ನಿಧಿ’ ಕೊಡುತ್ತದಂತೆ: ಹೊಸ ನೀರಿನ ಕೊಳವೆ, ರಸ್ತೆ, ಒಂದು ದೊಡ್ಡಾಸ್ಪತ್ರೆ. ಭಾವನ ನಗರಸಭೆಗೆ ಹೇಳು, ಇನ್ನೂ ಸ್ವಲ್ಪ ಮನಸ್ಸಿಟ್ಟು ಅಳಬೇಕು ಅಂತ.

ಊರು ಬಿಟ್ಟವರ ಅಂಕಣದಲ್ಲಿ ಮಾತ್ರ ನಮ್ಮ ಸಾಧನೆ ಪರವಾಗಿಲ್ಲ. ಅದರ ಕೀರ್ತಿ ನಿನ್ನದು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ದಿನವಿಡೀ ‘ಹೊರಡಲಿದೆ, ಹೊರಡಲಿದೆ’ ಅಂತ ಕೂಗಿದರೆ ಯಾರು ತಾನೆ ಉಳಿಯುತ್ತಾರೆ?

ಇದಕ್ಕೆ ಕಾಗದ ಬರೆಯಬೇಡ, ಫೋನ್ ಮಾಡು.

ನಿನ್ನ ಪುಟ್ಟ


ಊರು, ಫೆಬ್ರವರಿ ೨

ಪುಟ್ಟಾ,

ಫೋನ್ ಮಾಡಲ್ಲ. ಪಾಳಿ ಮುಗಿಸಿ ಮನೆಗೆ ಬರೋ ಹೊತ್ತಿಗೆ ಗಂಟಲು ಹರಿದ ಚಪ್ಪಲಿ ಆಗಿರತ್ತೆ. ಅಲ್ಲದೆ ಫೋನಿನಲ್ಲಿ ನೀನು ಅರ್ಧಕ್ಕೇ ನಗ್ತೀಯ. ಕಾಗದದಲ್ಲಾದ್ರೆ ನನ್ನ ಮಾತು ಪೂರ್ತಿ ಆಗತ್ತೆ.

ನಿನ್ನ ಕಾಗದ ಊಟದ ಹೊತ್ತಿಗೆ ಇವರಿಗೆ ಓದಿ ಹೇಳಿದೆ. ನಗಲಿಲ್ಲ. ಕೈ ತೊಳೆದು ಬಂದು, ಅದನ್ನ ಮಡಚಿ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದರು. ನಿನ್ನ ಭಾವ ನಗರಸಭೆಗೆ ಮುಖ್ಯ ಗುಮಾಸ್ತರಾದ ಮೇಲೆ ಮನೆಯ ಜೋಕೂ ಕಡತಕ್ಕೆ ಸೇರಬೇಕು. ಅಲ್ಲಿ ಅಧ್ಯಕ್ಷರಿಗೆ ತೋರಿಸಿದರಂತೆ. ಊರಲ್ಲಿ ಅವರನ್ನ ‘ಭಾಷಣ’ ಅಂತಲೇ ಕರೆಯೋದು, ನೆನಪಿದೆಯಲ್ಲ? ಕುಡಿಯೋಕೆ ನೀರು ಕೇಳಿದ್ರೂ ‘ಮಾನ್ಯರೇ’ ಅಂತ ಶುರು ಮಾಡೋರು.

ಸಂಜೆ ಇವರು ಬಂದು ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. ಕೂತು ಒಂದು ಪ್ರಶ್ನೆ ಕೇಳಿದರು. ಹದಿನಾರು ವರ್ಷದಲ್ಲಿ ‘ಉಪ್ಪೆಲ್ಲಿ’, ‘ಕೊಡೆ ಎಲ್ಲಿ’ ಅನ್ನೋದು ಬಿಟ್ಟು ಇವರು ಕೇಳಿದ ಮೊದಲ ಪ್ರಶ್ನೆ ಕಣೋ. “ನಿನ್ನ ತಮ್ಮ ಯಾವ ಅಂಕಣಕ್ಕೆ ಜಾಸ್ತಿ ತೂಕ ಕೊಡ್ತಾನೆ, ಕೇಳಿ ತಿಳಿಸ್ತೀಯಾ?” ಅಂದರು. ಆಮೇಲೂ ಎದ್ದು ಹೋಗಲಿಲ್ಲ. ನಾನು ಏನಂತೀನಿ ಅಂತ ಕಾಯ್ತಾ ಕೂತಿದ್ರು.

ನಿನಗೆ ಗೊತ್ತಲ್ಲ, ನಾವಿಬ್ಬರೂ ಒಂದೇ ಅಂಕಣದ ಎರಡು ಬಸ್ಸು. ಒಂದು ಬಂದಾಗ ಇನ್ನೊಂದು ಹೊರಟಿರತ್ತೆ. ಅದಕ್ಕೇ ಹೇಳ್ತಿದ್ದೀನಿ, ತಮಾಷೆ ಮಾಡದೆ ಬರಿ. ನನಗೆ ಬೇಕಾಗಿರೋದು ಕೊಳವೆಯೂ ಅಲ್ಲ, ಆಸ್ಪತ್ರೆಯೂ ಅಲ್ಲ. ಇವರು ಹೀಗೇ ದಿನಾ ಎದುರಿಗೆ ಕೂತು ಮಾತಾಡ್ತಾ ಇದ್ರೆ ಸಾಕು.

ಅಕ್ಕ


ರಾಜಧಾನಿ, ಫೆಬ್ರವರಿ ೨೦

ಅಕ್ಕ,

ಭಾವನ ಪ್ರಶ್ನೆ ಅದ್ಭುತವಾಗಿದೆ. ನಮ್ಮ ನಿರ್ದೇಶಕರಿಗೂ ಇದುವರೆಗೆ ಹೊಳೆದಿಲ್ಲ.

ನೋಡು: ನಿರುದ್ಯೋಗ ಏರಿಸಬೇಕಾದರೆ ಕಾರ್ಖಾನೆ ಮುಚ್ಚಬೇಕು, ಜನ ಕಲ್ಲು ಹೊಡೆಯುತ್ತಾರೆ. ಊರು ಬಿಡಿಸಬೇಕಾದರೆ ನೀನು ಇನ್ನೊಂದು ಪಾಳಿ ಕೂಗಬೇಕು. ಆದಾಯ ಇಳಿಸೋಣ ಎಂದರೆ ಅದು ಇಳಿಯುವಷ್ಟು ಎತ್ತರದಲ್ಲೇ ಇಲ್ಲ. ಉಳಿದದ್ದು ವಿಚ್ಛೇದನ. ಅದಕ್ಕೆ ಬೇಕಾದದ್ದು ಎರಡು ಸಹಿ, ಒಂದು ಪೆನ್ನು. ಚಿಕ್ಕ ಊರು ನಮ್ಮದು, ಮೂವತ್ತು ನಲವತ್ತು ಜೋಡಿ ಬೇರೆಯಾದರೂ ಸಾಕು, ಸಾವಿರಕ್ಕೆ ಇಷ್ಟು ಅಂತ ಲೆಕ್ಕ ಹಾಕಿದಾಗ ಅಂಕಿ ಗಗನಕ್ಕೆ ಹಾರುತ್ತದೆ. ವಿಚ್ಛೇದನದ ದರ ಏರಿದಷ್ಟೂ ಸರ್ಕಾರದ ಆದರ ಏರುತ್ತದೆ. ಜೋಡಿ ಒಡೆದರೆ ಮನೆ ಎರಡಾಗಿ ಒಂಟಿ ಮನೆಗಳ ಅಂಕಣವೂ ತುಂಬುತ್ತದೆ. ಒಂದು ಏಟಿಗೆ ಎರಡು ಮನೆ!

ಇದು ತಮಾಷೆಗೆ ಬರೆದದ್ದು ಅಂತ ಭಾವನಿಗೆ ಹೇಳು. ಹೇಳದಿದ್ದರೂ ಪರವಾಗಿಲ್ಲ, ಅವರು ಏನು ಮಾಡುತ್ತಾರೆ ನೋಡುವ ಕುತೂಹಲ ನನಗೂ ಇದೆ.

ಪುಟ್ಟ


ಊರು, ಏಪ್ರಿಲ್ ೧೧

ಪುಟ್ಟಾ,

ಕೂತಿದ್ದರೆ ಓದು, ನಿಂತಿದ್ದರೆ ಕೂತು ಓದು. ಊರು ಬೇರೆಯಾಗ್ತಿದೆ.

ಹೋದ ತಿಂಗಳು ನಗರಸಭೆಯವರು ಸಭಾಂಗಣದಲ್ಲಿ ಸಭೆ ಕರೆದರು. ಭಾಷಣ ಎದ್ದು ನಿಂತು, “ಮಾನ್ಯರೇ, ನಮ್ಮ ಹಿರಿಯರು ಊರಿಗಾಗಿ ಸೇತುವೆ ಕಟ್ಟಿಸಿದರು. ನಾವು ಕೇವಲ ಒಂದು ಸಂಸಾರ ಬಿಡಲಾರೆವೆ?” ಅಂದರು.

ಹಿಂದಿನ ಸಾಲಿಂದ ಯಾರೋ, “ನೀವು ಮೊದಲು ಬಿಡಿ ಸ್ವಾಮಿ!” ಅಂದ.

“ನನ್ನಾಕೆ ತೀರಿಕೊಂಡು ಆರು ವರ್ಷ ಆಯ್ತಪ್ಪ.”

“ಹಾಗಾದ್ರೆ ನೀವು ಒಂಟಿ ಮನೆ ಲೆಕ್ಕಕ್ಕೆ ಸೇರಿದ್ರಿ ಬಿಡಿ, ನಿಮ್ಮ ಸೇವೆ ಮುಗೀತು.”

ಜನ ಬಿದ್ದು ಬಿದ್ದು ನಕ್ಕರು. ಆಗ ನಿನ್ನ ಭಾವ ಎದ್ದು, “ನೌಕರರೇ ಮಾದರಿ ಆಗಬೇಕು. ನಾವಿಬ್ಬರು ಮೊದಲು” ಅಂದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಬೇಕೋ ಬೇಡವೋ ತಿಳೀಲಿಲ್ಲ, ತಟ್ಟಿದೆ.

ಮಾತು ಇಷ್ಟೇ: ಎಲ್ಲರೂ ಕಾಗದದ ಮೇಲೆ ಮಾತ್ರ ಬೇರೆ, ಇರೋದು ಒಂದೇ ಮನೇಲಿ. ಪಟ್ಟಿ ಬಂದ ಮೇಲೆ ಎಲ್ಲರೂ ಹೋಗಿ ಮತ್ತೆ ಮದುವೆ ನೋಂದಾಯಿಸೋದು. ಅರ್ಜಿ ಎಲ್ಲಾ ನಗರಸಭೆಯ ವಕೀಲರೇ ನೋಡಿಕೊಳ್ತಾರೆ. ನ್ಯಾಯಾಧೀಶರು ಏನು ಕೇಳಬಹುದು ಅಂತ ಇವರು ನನಗೆ ಮನೇಲಿ ಅಭ್ಯಾಸ ಮಾಡಿಸ್ತಾರೆ. ಮೊನ್ನೆ ಕಪ್ಪು ಕಂಬಳಿ ಹೊದ್ದು, ಮೂಗಿನ ತುದಿಗೆ ಕನ್ನಡಕ ಇಳಿಸಿ, “ಏನಮ್ಮಾ, ಯಜಮಾನರ ಮೇಲೆ ಏನು ದೂರು?” ಅಂದರು.

“ಮಾತಾಡಲ್ಲ ಸ್ವಾಮಿ.”

“ಎಷ್ಟು ದಿನದಿಂದ?”

“ಮದುವೆ ಆದಾಗಿಂದ.”

ಕಂಬಳಿ ಒಳಗೇ ನಕ್ಕುಬಿಟ್ಟರು ಪುಟ್ಟಾ. ಇವರು ನಕ್ಕರೆ ಎಡಗಡೆ ಒಂದು ಹಲ್ಲು ಸೊಟ್ಟ ಇರೋದು ಕಾಣತ್ತೆ. ಇಷ್ಟು ವರ್ಷ ನಾನು ನೋಡೇ ಇರಲಿಲ್ಲ.

ಒಂದು ವಿಷಯ ನಿನ್ನ ಕೇಳದೆ ಮಾಡಿದ್ದೀನಿ. ಆಸ್ತಿ ಹಂಚಿಕೆ ಆಗದಿದ್ರೆ ಕೋರ್ಟು ನಂಬಲ್ಲವಂತೆ. ಹೆಂಡತಿ ಏನಾದ್ರೂ ಕಳಕೊಂಡರೇನೇ ಅಸಲಿ ಅಂತ ಅನಿಸತ್ತೆ ಅಂದರು. ಅದಕ್ಕೆ ಅಪ್ಪ ಕಟ್ಟಿಸಿದ ಮನೆ, ನೀನು ಪಾಲು ಬೇಡ ಅಂತ ನನಗೇ ಬಿಟ್ಟಿದ್ದ ಮನೆ, ಇವರ ಹೆಸರಿಗೆ ಬರೆದೆ. ಕಾಗದದ ಮೇಲೆ. ಸರಿ ತಾನೆ? ಇವರನ್ನ ಕೇಳಿದ್ರೆ ‘ಸರಿ’ ಅಂತಾರೆ. ನೀನು ಹೇಳು.

ಮತ್ತೇನಿಲ್ಲ. ತಿಂಗಳಿಗೆ ಎರಡು ಸಲ ಜಲಮಂಡಳಿಯವರ ತರಬೇತಿ ಅಂತ ಇವರು ಕಡಲತೀರದ ಕಡೆ ಹೋಗಿ ಬರ್ತಿದ್ದಾರೆ. ಹೊಸ ಕೊಳವೆಗೆ ಈಗಲೇ ತಯಾರಿ. ಬಂದಾಗ ಕಂಬಳಿ ತೆಗೀತೀನಿ.

ಅಕ್ಕ


ರಾಜಧಾನಿ, ಮೇ ೬

ಅಕ್ಕ,

ನಗು ತಡೆಯಲಾರದೆ ಕಚೇರಿಯಲ್ಲಿ ನಿನ್ನ ಕಾಗದ ಎಲ್ಲರಿಗೂ ಓದಿ ಹೇಳಿದೆ. ಹೆಸರು ಹೇಳಲಿಲ್ಲ, ‘ಒಂದು ಊರು’ ಎಂದೆ.

ಮನೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಕಾಗದದಲ್ಲಿ ಹೋದದ್ದು ಕಾಗದದಲ್ಲೇ ಬರುತ್ತದೆ. ಭಾವ ಕಾಯಿದೆ ತಿಳಿದವರು.

ನನ್ನ ಕಡೆಯಿಂದಲೂ ಊರಿಗೊಂದು ಸೇವೆ ಮಾಡಿದ್ದೇನೆ. ಸೂಚ್ಯಂಕದಲ್ಲಿ ವಿಚ್ಛೇದನದ ತೂಕ ದುಪ್ಪಟ್ಟಾಗಿದೆ. ‘ಕುಟುಂಬವೇ ಸಂತೋಷದ ಘಟಕ’ ಅಂತ ಎರಡು ಪುಟ ಬರೆದು ಕೊಟ್ಟೆ, ಮೇಲಿನವರಿಗೆ ಕಣ್ಣು ತುಂಬಿ ಬಂತು. ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿ ಆಗುತ್ತಿದೆ. ಅದರ ತೂಕವೂ ನನ್ನ ಕಡೆಗೇ ವಾಲುತ್ತಿದೆ ಅಂತ ಸುದ್ದಿ.

ಭಾವ ಮೊನ್ನೆ ಹೊಸ ಅಂಕಿಗಳನ್ನು ತಾವೇ ತಂದುಕೊಟ್ಟರು. ನೀಲಿ ಕೋಟಿನಲ್ಲಿ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು, ವಿಚ್ಛೇದನ ಮೈಗೆ ಹಿಡಿಸಿದೆ ಅಂತ ಛೇಡಿಸಿದೆ. ನಮ್ಮ ಕ್ಯಾಂಟೀನಿನ ಸೂಪ್ ಮಾತ್ರ ಅವರಿಬ್ಬರಿಗೂ ಹಿಡಿಸಲಿಲ್ಲ.

ಪುಟ್ಟ


ಊರು, ಮೇ ೧೪

ಪುಟ್ಟಾ,

‘ಅವರಿಬ್ಬರು’ ಅಂದ್ರೆ ಯಾರಿಬ್ಬರು?

ನನಗೆ ಕಡಲತೀರ ಅಂತ ಹೇಳಿ ಹೋಗಿದ್ದರು. ಇವರ ಹತ್ತಿರ ನೀಲಿ ಕೋಟೂ ಇಲ್ಲ.

ಅಕ್ಕ


ರಾಜಧಾನಿ, ಜೂನ್ ೨೮

ಅಕ್ಕ,

ತಡವಾಯಿತು, ಕೆಲಸ ಕತ್ತಿನವರೆಗೆ. ಇಬ್ಬರು ಅಂದರೆ ಭಾವ ಮತ್ತು ಅಧ್ಯಕ್ಷರು, ಇನ್ನಾರು? ಸೂಪಿಗೂ ‘ಮಾನ್ಯರೇ’ ಅಂದರು. ಕಡಲತೀರದಿಂದ ನೇರ ಇಲ್ಲಿಗೇ ಬಂದರಂತೆ. ಕೋಟು ಯಾರದ್ದಾದರೂ ಕಡ ತಂದದ್ದಿರಬೇಕು.

ಸಂಶಯ ಯಾವ ಅಂಕಣಕ್ಕೂ ಸೇರುವುದಿಲ್ಲ ಅಕ್ಕ, ಅದಕ್ಕೆ ನಾವು ಅಂಕ ಕೊಡುವುದಿಲ್ಲ. ತೀರ್ಪು ಬಂತಂತೆ. ಅಭಿನಂದನೆ ಹೇಳಲೋ, ಸಂತಾಪ ಹೇಳಲೋ? ಎರಡರಲ್ಲಿ ನಿನಗೆ ಬೇಕಾದದ್ದು ಇಟ್ಟುಕೋ.

ಪುಟ್ಟ


ಊರು, ಜುಲೈ ೯

ಪುಟ್ಟಾ,

ನಿಲ್ದಾಣದಲ್ಲಿ ಹೊಸ ಬೆಂಚಿನ ಉದ್ಘಾಟನೆಗೆ ಅಧ್ಯಕ್ಷರು ಬಂದಿದ್ದರು. ಮೈಕು ನನ್ನದು, ಹಾಗಾಗಿ ಹತ್ತಿರವೇ ನಿಂತಿದ್ದರು. “ರಾಜಧಾನಿ ಪ್ರಯಾಣ ಹೇಗಾಯ್ತು?” ಅಂತ ಕೇಳಿದೆ.

“ಮಾನ್ಯರೇ, ನಾನು ರಾಜಧಾನಿ ನೋಡಿ ಎರಡು ಚುನಾವಣೆ ಆಯ್ತು. ಹೋಗೋದೆಲ್ಲ ನಿಮ್ಮ ಯಜಮಾನರೇ” ಅಂದರು. ಆಮೇಲೆ ತಪ್ಪಾಯ್ತು ಅನ್ನೋ ಥರ, “ಮಾಜಿ ಯಜಮಾನರು” ಅಂತ ತಿದ್ದಿಕೊಂಡರು. ಅಷ್ಟೂ ಮಾತು ಮೈಕಿನಲ್ಲಿ ಊರಿಗೆಲ್ಲ ಕೇಳಿಸ್ತು.

ಒಂದೇ ಸಲ ಕೇಳ್ತೀನಿ. ಇವರ ಜೊತೆ ಬಂದಿದ್ದು ಯಾರು? ಹೇಳಿಬಿಡು. ಈಗ ಹೇಳಿದ್ರೆ ಮನೆಯಾದರೂ ಉಳಿಸಿಕೊಳ್ತೀನಿ.

ಅಕ್ಕ


ರಾಜಧಾನಿ, ಜನವರಿ ೨೨

ಪ್ರೀತಿಯ ಅಕ್ಕ,

ಪತ್ರಿಕೆ ನೋಡಿದೆಯಾ? ಮೊದಲ ಸ್ಥಾನ! ರಾಜ್ಯದ ಅತ್ಯಂತ ದುಃಖಿ ನಗರ ನಮ್ಮದು. ಎರಡನೆಯ ಊರು ಎಷ್ಟೋ ಹಿಂದೆ. ಪಾಪ, ಅಲ್ಲಿ ಎರಡು ಗಿರಣಿ ಮುಚ್ಚಿವೆ, ಕುಡಿಯುವ ನೀರಿಲ್ಲ, ಆದರೂ ಜನ ಜೋಡಿಯಾಗಿಯೇ ಕಷ್ಟಪಡುತ್ತಿದ್ದಾರೆ. ಪಟ್ಟಿಯಲ್ಲಿ ಊರಿಗೆ ಪಟ್ಟವಾಯಿತು, ವಿಭಾಗದಲ್ಲಿ ನನಗೆ. ಬಾಗಿಲ ಮೇಲೆ ಹೆಸರು ಬರೆಸಿದ್ದಾರೆ.

ನಡುವೆ ಬರೆಯಲಾಗಲಿಲ್ಲ, ಅಂಕಿಗಳ ಕಾಟ. ಆರೋಗ್ಯ ನೋಡಿಕೋ.

ಪುಟ್ಟ


ಊರು, ಫೆಬ್ರವರಿ ೩

ಪುಟ್ಟಾ,

ಅಭಿನಂದನೆ. ನಮ್ಮ ಕಡೆಯ ಸುದ್ದಿ ಕೇಳು.

ಪಟ್ಟಿ ಬಂದ ದಿನ ನಗರಸಭೆಯಿಂದ ಅಪ್ಪಣೆ ಬಂತು. ಮೈಕಿನಲ್ಲಿ ಹೇಳಿದೆ: “ಪ್ರಯಾಣಿಕರ ಗಮನಕ್ಕೆ. ನಮ್ಮ ನಗರವು ರಾಜ್ಯದಲ್ಲೇ ಅತ್ಯಂತ ದುಃಖಿ ನಗರ ಎಂದು ತಿಳಿಸಲು ಹರ್ಷಿಸುತ್ತೇವೆ.” ಬಸ್ಸಿನಿಂದ ಇಳಿಯೋರು ಚಪ್ಪಾಳೆ ತಟ್ಟಿದರು. ಹತ್ತೋರು ಬೇಗ ಬೇಗ ಹತ್ತಿದರು.

ಆಮೇಲೆ ಜೋಡಿಗಳು ಮತ್ತೆ ಒಂದಾಗೋ ಕೆಲಸ ಶುರುವಾಯ್ತು. ಅರ್ಧಕ್ಕರ್ಧ ಜನ ಬರಲೇ ಇಲ್ಲ ಕಣೋ! ಕ್ಷೌರದಂಗಡಿಯವನು ನೋಂದಣಿಗೆ ಹೊರಡೋಣ ಅಂತ ಹೆಂಡತೀನ ಕರೆದರೆ, “ಊರಿನ ಸೇವೆ ಇನ್ನೂ ಒಂದೆರಡು ವರ್ಷ ಮಾಡ್ತೀನಿ ಅಂದ್ಕೊಂಡಿದ್ದೀನಿ” ಅಂದಳಂತೆ. ನಾನು ಮಾತ್ರ, ನೀನು ಏನೂ ಬರೀಲಿಲ್ಲವಲ್ಲ, ಏನೂ ಇಲ್ಲ ಅಂದ್ಕೊಂಡು ಒಳ್ಳೆ ಸೀರೆ ಉಟ್ಟುಕೊಂಡು ಕಾಯ್ತಾ ಕೂತಿದ್ದೆ. ಸಂಜೆ ಇವರು ಬಂದರು. ನಾವು ಯಾವಾಗ ಹೋಗೋಣ ಅಂದೆ.

“ನಿಧಿ ಕಂತುಗಳಲ್ಲಿ ಬರೋದು. ಈಗ ಒಂದಾದ್ರೆ ಸ್ಥಾನ ಇಳಿಯತ್ತೆ” ಅಂದರು.

“ಎಷ್ಟು ಕಂತು?”

ಆಗ ಕೂತುಕೊಂಡರು. ಎದುರಿಗೇ. ಜಲಮಂಡಳಿಯಲ್ಲಿ ಕೊಳವೆಗೆ ಅಂದಾಜು ಹಾಕೋ ಹೆಂಗಸು ಇದ್ದಾಳಂತೆ. ಮಳೆಗಾಲ ಮುಗೀತಿದ್ದ ಹಾಗೇ ಇಬ್ಬರೂ ರಾಜಧಾನಿಯಲ್ಲಿ ಮದುವೆ ನೋಂದಾಯಿಸಿಕೊಂಡರಂತೆ. ಮನೆ ಇವರ ಹೆಸರಲ್ಲೇ ಇದೆಯಲ್ಲ, ಅವರಿಬ್ಬರಿಗೆ ಬೇಕಂತೆ, ನನಗೆ ಬೇಸಿಗೆವರೆಗೆ ಟೈಮು ಕೊಟ್ಟಿದ್ದಾರೆ. ನನಗೆ ಸಮಾಧಾನ ಮಾಡಬೇಕು ಅಂತ ಇವರಿಗೆ ಅನ್ನಿಸಿರಬೇಕು.

“ಕದ್ದು ಮುಚ್ಚಿ ಮಾಡಿಲ್ಲ ಕಣೆ. ಸಾಕ್ಷಿ ಹಾಕಿದವನು ಹೊರಗಿನವನಲ್ಲ, ನಮ್ಮ ಮನೆಯವನೇ. ನಿನ್ನ ತಮ್ಮ” ಅಂದರು.

ಇಷ್ಟೇ ಸುದ್ದಿ.

ಅಕ್ಕ


ರಾಜಧಾನಿ, ಫೆಬ್ರವರಿ ೨೫

ಅಕ್ಕ,

ನೀನು ಕೋಪಗೊಂಡಿರುವುದು ಸಹಜ. ಆದರೆ ಸ್ವಲ್ಪ ತಣ್ಣಗೆ ಯೋಚಿಸು. ಭಾವ ಅಂಕಿಗಳನ್ನು ಕೊಡದಿದ್ದರೆ ನನ್ನ ವರದಿ ಇಲ್ಲ. ಅವರು ಸಾಕ್ಷಿಗೆ ಕರೆದಾಗ ಹೇಗೆ ಇಲ್ಲ ಅನ್ನಲಿ? ಆ ಹೊತ್ತಿಗೆ ಕಾನೂನಿನ ಪ್ರಕಾರ ಅವರು ನಿನ್ನ ಗಂಡನಾಗಿರಲಿಲ್ಲ, ನನಗೆ ಭಾವನೂ ಆಗಿರಲಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಹದಿನಾರು ವರ್ಷ, ಮಕ್ಕಳಿಲ್ಲ, ಮಾತಿಲ್ಲ. ಉಪ್ಪಿಗೂ ಕೊಡೆಗೂ ಆಚೆ ಪ್ರಶ್ನೆ ಇಲ್ಲ ಅಂತ ನೀನೇ ಬರೆದಿದ್ದೆ. ಅಂಕಿ ನೋಡುವವನ ಕಣ್ಣಿಗೆ ಅದು ಎಂದೋ ಮುಗಿದ ಸಂಸಾರ. ಊರಿನ ನಲವತ್ತು ವಿಚ್ಛೇದನಗಳಲ್ಲಿ ಉಳಿದದ್ದೆಲ್ಲ ಹುಸಿ ಇರಬಹುದು, ನಿನ್ನದೊಂದು ಮೊದಲಿಂದಲೂ ನಿಜವಾಗಿತ್ತು. ನಾನು ನಿಜದ ಅಂಕಿಗೆ ಸಾಕ್ಷಿ ಹಾಕಿದೆ.

ಬಾಡಿಗೆಗೆ ಸಣ್ಣ ಮನೆ ನೋಡಿಕೋ. ನಿನ್ನೊಬ್ಬಳಿಗೆ ಎಷ್ಟು ಜಾಗ ಬೇಕು?

ಪುಟ್ಟ


ರಾಜಧಾನಿ, ಮೇ ೧೭

ಅಕ್ಕ,

ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಇದನ್ನಾದರೂ ಓದು.

ಎರಡನೆಯ ಸ್ಥಾನದ ಊರಿನವರು ದೂರು ಕೊಟ್ಟಿದ್ದಾರೆ. ನಮ್ಮೂರಿನ ವಿಚ್ಛೇದನಗಳು ಹುಸಿ ಅಂತ. ವಿಚಾರಣಾ ಸಮಿತಿ ಬರುತ್ತಿದೆ, ಮೂರು ಜನ. ಮತ್ತೆ ಒಂದಾದವರು ‘ಜಗಳ ತೀರಿತು’ ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ಮೊದಲ ಅರ್ಜಿ ನಿಮ್ಮದು. ಅದು ನಿಂತರೆ ಎಲ್ಲ ನಿಲ್ಲುತ್ತದೆ, ಬಿದ್ದರೆ ಎಲ್ಲ ಬೀಳುತ್ತದೆ. ತೀರ್ಪು ಮೋಸದ್ದು ಅಂತಾದರೆ ಕೋರ್ಟು ಅದನ್ನು ರದ್ದು ಮಾಡುತ್ತದೆ. ಆಗ ಎರಡನೆಯ ಮದುವೆ ಮದುವೆಯೇ ಅಲ್ಲ. ಭಾವನ ಕೆಲಸ ಹೋಗುತ್ತದೆ, ತೂಕ ಬದಲಾಯಿಸಿದ ನನ್ನದೂ ಹೋಗುತ್ತದೆ. ಆಕೆ ಈಗ ಏಳು ತಿಂಗಳ ಗರ್ಭಿಣಿ.

ನೀನು ಒಂದೇ ಮಾತು ಹೇಳಬೇಕು: ‘ನನ್ನ ಇಷ್ಟದಿಂದಲೇ ಬೇರೆಯಾದೆ.’ ಅಷ್ಟು ಹೇಳಿದರೆ ಮನೆಯನ್ನು ಮತ್ತೆ ನಿನ್ನ ಹೆಸರಿಗೆ ಬರೆಯುತ್ತಾರೆ, ನಾನು ಮಾತಾಡಿದ್ದೇನೆ.

ಚಿಕ್ಕವನಿದ್ದಾಗ ನನ್ನ ಎಷ್ಟು ತಪ್ಪು ಮುಚ್ಚಿದ್ದೀಯ. ಕಾಲು ಹಿಡಿಯುತ್ತೇನೆ.

ಪುಟ್ಟ


ಊರು, ಜೂನ್ ೩

ಪ್ರೀತಿಯ ಪುಟ್ಟ,

ನಿನ್ನ ಕಾಗದದಲ್ಲಿ ಒಂದೂ ಜೋಕಿರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಅಂತ ಗಾಬರಿಯಾಯ್ತು. ಅದಕ್ಕೆ ಎರಡೂ ಕಡೆಯ ಜೋಕು ನಾನೇ ಬರೀತೀನಿ.

ಸಮಿತಿ ನಗರಸಭೆಯ ಮಹಡಿ ಕೋಣೆಯಲ್ಲಿ ಕೂತಿತ್ತು. ಹೊರಗೆ ಬೆಂಚಿನ ಮೇಲೆ ಅಂದಾಜಿನವಳು ಕೂತಿದ್ದಳು. ನನ್ನ ನೋಡಿ, ಆ ಹೊಟ್ಟೆ ಹೊತ್ತುಕೊಂಡು ಎದ್ದು ಜಾಗ ಬಿಟ್ಟಳು. ಒಳ್ಳೆ ಹುಡುಗಿ. ಇವರು ಹೆಂಡತಿ ಒಪ್ಪಿ ಬಿಟ್ಟಿದ್ದಾಳೆ ಅಂತ ಹೇಳಿದ್ದನ್ನ ನಂಬಿದ್ದಾಳೆ ಅಷ್ಟೆ. ಪಾಪ ಇವರದು, ಪಾಪು ಅವಳದು.

ಒಳಗೆ ನಡುವಿನ ಕುರ್ಚಿಯಲ್ಲಿ ಒಬ್ಬ ಹೆಂಗಸು, ಅಕ್ಕಪಕ್ಕ ಇಬ್ಬರು ಗಂಡಸರು. ನಿನ್ನ ಮಾಜಿ ಭಾವ ಗೋಡೆ ಪಕ್ಕ ಕಡತ ಹಿಡಿದು ನಿಂತಿದ್ದರು. ನನ್ನ ಉತ್ತರ ಆಗಲೇ ಟೈಪಾಗಿ ಮೇಜಿನ ಮೇಲಿತ್ತು, ಸಹಿಗೆ ಮಾತ್ರ ಜಾಗ ಬಿಟ್ಟಿದ್ದರು. ಅಚ್ಚುಕಟ್ಟು ಅಂದ್ರೆ ಇವರದು.

ಸತ್ಯ ಹೇಳ್ತೀನಿ, ಸಹಿ ಹಾಕೋಣ ಅಂತಲೇ ಹೋಗಿದ್ದೆ. ಬೇಡ ಅಂದ ಗಂಡನ್ನ ಕಟ್ಟಿಕೊಂಡು ಯಾರಿಗೇನು ಆಗಬೇಕು? ಪೆನ್ನೂ ತಗೊಂಡೆ. ಆಗ ಆ ಹೆಂಗಸು ಕನ್ನಡಕ ತೆಗೆದು ಕೇಳಿದಳು:

“ಬೇರೆ ಆದಮೇಲೆ ಸುಖವಾಗಿದ್ದೀರಾ ಅಮ್ಮಾ?”

ಇಷ್ಟೆಲ್ಲ ಅಂಕಣ ಮಾಡಿದೆಯಲ್ಲ ಪುಟ್ಟಾ, ಈ ಪ್ರಶ್ನೆ ನಿನಗೆ ಹೊಳೀಲೇ ಇಲ್ಲ ನೋಡು.

“ಬೇರೆ ಆಗೋ ಮುಂಚೆ ಸ್ವಲ್ಪ ದಿನ ಸುಖವಾಗಿದ್ದೆ ಮೇಡಂ” ಅಂದೆ. “ಬೇರೆ ಆಗೋದು ಹೇಗೆ ಅಂತ ಇವರು ಹೇಳಿಕೊಡ್ತಿದ್ರಲ್ಲ, ಆಗ.”

“ಹೇಳಿಕೊಡ್ತಿದ್ರಾ?”

ಇವರು ಮುಂದೆ ಬಂದು, “ಆಕೆ ಸ್ವಲ್ಪ ಮೃದು, ಗಾಬರಿಯಾಗಿದ್ದಾಳೆ...” ಅಂದರು. “ನೀವು ಆಚೆ ಇರಿ” ಅಂದಳು ಆ ಹೆಂಗಸು.

ಎಲ್ಲಾ ಹೇಳಿದೆ. ಸಭೆ, ಚಪ್ಪಾಳೆ, ವಕೀಲರು, ಕಂಬಳಿ, ಮನೆ. ತೂಕ ದುಪ್ಪಟ್ಟಾಗಿದೆ ಅಂತ ನೀನು ಬರೆದಿದ್ದ ಕಾಗದ ಚೀಲದಲ್ಲೇ ಇತ್ತು, ಓದಿಯೇ ಹೇಳಿದೆ, ನನ್ನ ಮೈಕಿನ ಧ್ವನಿಯಲ್ಲಿ, ಹಿಂದಿನ ಸಾಲಿಗೂ ಕೇಳೋ ಹಾಗೆ. ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗಲಿಲ್ಲ ಅಂತ ಹೇಳಿದರೆ ನೀನು ಕ್ಷಮಿಸಿಬಿಡ್ತೀಯ. ಅದಕ್ಕೇ ಹೇಳ್ತೀನಿ: ನಿಲ್ಲಿಸೋಕೆ ಆಗ್ತಿತ್ತು. ಬಾಗಿಲ ಸಂದಿಯಲ್ಲಿ ಅವಳು ನಿಂತು ಕೇಳ್ತಿರೋದೂ ಕಾಣ್ತಿತ್ತು. ನಿಲ್ಲಿಸಲಿಲ್ಲ.

ಅವಳ ಗರ್ಭದ ವಿಷಯ ನೀನು ಬರೆದಿದ್ದೆ. ಜನಸಂಖ್ಯೆ ಬೆಳೆಯೋದು ಊರಿಗೆ ಒಳ್ಳೆ ಲಕ್ಷಣ ಅಲ್ವಾ? ಸಮಿತಿಯ ಮೇಜಿನ ಮೇಲಿದ್ದ ನಿನ್ನ ವರದಿಯ ಮೂರನೇ ಪುಟದಲ್ಲಿದೆ.

ನಿನ್ನ ಅಕ್ಕ


ರಾಜಧಾನಿ, ಆಗಸ್ಟ್ ೨

ಅಕ್ಕ,

ನನ್ನನ್ನು ಕೆಲಸದಿಂದ ತೆಗೆದರು. ಸರ್ಕಾರಿ ಮನೆ ಈ ತಿಂಗಳೊಳಗೆ ಬಿಡಬೇಕು. ಊರು ಪಟ್ಟಿಯಿಂದಲೇ ಹೋಯಿತು, ಕೊಳವೆಯ ಗುಂಡಿ ತೋಡಿದ್ದಷ್ಟೇ ಬಂತಂತೆ.

ತೀರ್ಪು ರದ್ದಾಗಿ ಮನೆ ಮತ್ತೆ ನಿನ್ನ ಹೆಸರಿಗೆ ಬಂದಿದೆ ಅಂತ ಕೇಳಿದೆ. ಸ್ವಲ್ಪ ದಿನ ಮಹಡಿ ಕೋಣೆಯಲ್ಲಿ ಇರಲಾ? ನನಗೂ ಅದು ಅಪ್ಪನ ಮನೆ.

ಪುಟ್ಟ


ಊರು, ಆಗಸ್ಟ್ ೧೬

ಪುಟ್ಟಾ,

ಮಹಡಿ ಕೋಣೆ ಖಾಲಿ ಇಲ್ಲ. ಅಲ್ಲಿ ನಿನ್ನ ಭಾವ ಇದ್ದಾರೆ.

ಆಶ್ಚರ್ಯ ಆಯ್ತಾ? ಕೋರ್ಟು ಹೇಳಿದ ಮೇಲೆ ನಾವು ಮತ್ತೆ ಗಂಡ ಹೆಂಡತಿ. ಅವಳ ತಾಯಿ ಅವಳನ್ನ ಕರೆದುಕೊಂಡು ಹೋದರು, ಹೆಣ್ಣು ಮಗು ಅಂತೆ. ಇವರನ್ನ ಒಳಗೆ ಸೇರಿಸಲಿಲ್ಲ. ಕೆಲಸ ಇಲ್ಲ, ಬಾಡಿಗೆಗೆ ಯಾರೂ ಮನೆ ಕೊಡಲಿಲ್ಲ, ಊರಿನವರು ಕೊಳವೆ ಗುಂಡಿ ತೋರಿಸಿ ಬೈತಾರೆ. ಒಂದು ಸಂಜೆ ಪೆಟ್ಟಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. “ಎಷ್ಟಾದ್ರೂ ನಾನು ನಿನ್ನ ಗಂಡ” ಅಂದರು. “ಕಾನೂನಿನ ಪ್ರಕಾರ ಹೌದು, ಬನ್ನಿ” ಅಂದೆ.

ಈಗ ಬಹಳ ಮಾತಾಡ್ತಾರೆ ಕಣೋ. ನಾನು ನಿಲ್ದಾಣದಿಂದ ಬರೋದನ್ನೇ ಕಾಯ್ತಿರ್ತಾರೆ. ಕಾಲು ನೋವಾ, ಊಟ ಆಯ್ತಾ, ಯಾಕೆ ಸುಮ್ಮನಿದ್ದೀಯಾ. ನಾನು “ಉಪ್ಪೆಲ್ಲಿ?” ಅಂತ ಮಾತ್ರ ಕೇಳ್ತೀನಿ. ಮೊನ್ನೆ ಅತ್ತರು. ಅಳು ಮುಗಿಯೋವರೆಗೂ ಕಾದು, ದೀಪ ಆರಿಸಿ ಅಂದೆ.

ನೀನು ಬರಬೇಡ. ನನ್ನೊಬ್ಬಳಿಗೆ ಎಷ್ಟು ಜಾಗ ಬೇಕು ಅಂತ ಕೇಳಿದ್ದೆಯಲ್ಲ. ಅಳೆದು ನೋಡಿದೆ, ಪೂರ್ತಿ ಮನೆ ಬೇಕು. ಇವರೂ ಬಹಳ ದಿನ ಇರಲ್ಲ. ಮನೆ ನನ್ನ ಹೆಸರಲ್ಲಿ ಭದ್ರವಾಗಿ ಕೂರೋದಕ್ಕೇ ಕಾಯ್ತಿದ್ದೆ. ಕೂತಿದೆ. ವಿಚ್ಛೇದನಕ್ಕೆ ಹಾಕ್ತಿದ್ದೀನಿ, ಈ ಸಲ ಊರಿಗಾಗಿ ಅಲ್ಲ.

ವಕೀಲರಿಗೆ ಯಾಕೆ ದುಡ್ಡು ಅಂತ ಅರ್ಜಿ ಇವರ ಕೈಲೇ ಬರೆಸ್ತಿದ್ದೀನಿ. ಮೊದಲು ಒಲ್ಲೆ ಅಂದರು. ಬರೆಯೋವರೆಗೂ ಇರಬಹುದು, ಬರೆಯಲ್ಲ ಅಂದ್ರೆ ಇವತ್ತೇ ಹೊರಡಬಹುದು ಅಂದೆ. ಬಹಳ ನಿಧಾನವಾಗಿ ಬರೀತಿದ್ದಾರೆ, ಅಕ್ಷರ ಮಾತ್ರ ಮುತ್ತಿನ ಹಾಗೆ. ಈಗ ಮೇಲಿಂದ ಕೂಗ್ತಿದ್ದಾರೆ: ಕಾರಣಗಳ ಜಾಗಕ್ಕೆ ಬಂದೆ, ‘ಕ್ರೌರ್ಯ’ ಅಂತ ಬರೆದೆ, ಯಾರದು ಅಂತ ಹಾಕಲಿ?

ಯೋಚಿಸಿ ಹೇಳ್ತೀನಿ ಅಂದಿದ್ದೀನಿ.

ಅಕ್ಕ